ಗೋಲ್ಕೊಂಡದಲ್ಲಿ ತೋರಾ ಪಾಠ

ಭಾರತದ ಯೆಹೂದ್ಯರು ಎಂದೊಡನೆ ಕೊಚ್ಚಿ ನೆನಪಾಗುತ್ತದೆ. ಕೊಂಕಣದ ಬೆನೆ ಇಸ್ರೇಲರು, ಕಲ್ಕತ್ತೆಯ ಬಗ್ದಾದಿ ವರ್ತಕರು ನೆನಪಾಗುತ್ತಾರೆ. ಹೈದರಾಬಾದ್ ಆ ಸಾಲಿಗೆ ಬರುವುದೇ ಇಲ್ಲ. ಆದರೂ ಯೆಹೂದ್ಯ ಮತವನ್ನು ಕೇಳಿ, ಕೆದಕಿ, ತಾಳೆ ನೋಡಿ ಬರೆದಿಟ್ಟ ಕೆಲಸವೊಂದು ಕುತುಬ್‌ಶಾಹಿಗಳ ಈ ಊರಿನಲ್ಲಿ 1647ರಷ್ಟು ಹಿಂದೆಯೇ ಶುರುವಾಗಿತ್ತು.

ಬರೆದವನು 'ದಬಿಸ್ತಾನ್-ಎ-ಮಝಾಹಿಬ್' ಎಂಬ ಪಾರಸಿ ಗ್ರಂಥದ ಕರ್ತೃ. ಬಹುಕಾಲ ಈ ಪುಸ್ತಕವನ್ನು ಕಾಶ್ಮೀರದ ಮೊಹ್ಸಿನ್ ಫಾನಿಯ ಹೆಸರಿಗೆ ಹಚ್ಚುತ್ತಿದ್ದರು. ಈಗಿನ ವಿದ್ವಾಂಸರು ಪಾರ್ಸಿ ಹಿನ್ನೆಲೆಯ ಮೊಬದ್ ಜುಲ್ಫಿಕರ್ ಕಡೆಗೆ ಬೆರಳು ತೋರುತ್ತಾರೆ. ಪಾರ್ಸಿ, ಹಿಂದೂ, ಸಿಖ್, ಕ್ರೈಸ್ತ, ಇಸ್ಲಾಂ ಎಂದು ಮತಗಳನ್ನೆಲ್ಲ ವಿವರಿಸಹೊರಟವನಿಗೆ ಯೆಹೂದ್ಯರ ವಿಷಯದಲ್ಲಿ ತೊಡಕಾಯಿತು. ಬಲ್ಲವರು ಯಾರೂ ಸಿಕ್ಕಿರಲಿಲ್ಲ. ಅನ್ಯಮತದವರ ಪುಸ್ತಕಗಳಲ್ಲಿ ಅವರ ಬಗ್ಗೆ ಕಂಡದ್ದನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಹದಿನೇಳನೆಯ ಶತಮಾನಕ್ಕೆ ಇದು ಸಣ್ಣ ಎಚ್ಚರವಲ್ಲ.

ಹೈದರಾಬಾದಿನಲ್ಲಿ ಅವನಿಗೆ ಸಿಕ್ಕಿದವನು ಸರ್ಮದ್. ಇರಾನಿನ ಕಾಶಾನಿನ ಯೆಹೂದ್ಯ ಮನೆತನದವನು, ಇಸ್ಲಾಂ ಸೇರಿದವನು, ವ್ಯಾಪಾರಕ್ಕೆಂದು ಸಿಂಧ್‌ನ ಠಟ್ಟಾಕ್ಕೆ ಬಂದು ಅಭಯಚಂದ್ ಎಂಬ ಹಿಂದೂ ಹುಡುಗನನ್ನು ಪ್ರೀತಿಸಿ, ಸರಕನ್ನೂ ಬಟ್ಟೆಯನ್ನೂ ತೊರೆದು ಫಕೀರನಾದವನು. ಅಭಯಚಂದ್ ಅವನಿಂದಲೇ ತೋರಾ ಕಲಿತ. ಆದಿಕಾಂಡದ ಆರಂಭದ ಅಧ್ಯಾಯಗಳನ್ನು ಅವನು ಪಾರಸಿಗೆ ತಂದ. ಗ್ರಂಥಕರ್ತ ಅದನ್ನು ಸರ್ಮದ್‌ನ ಜೊತೆ ಕೂತು ತಿದ್ದಿ ತನ್ನ ಪುಸ್ತಕಕ್ಕೆ ಸೇರಿಸಿದ. ಸಿಂಧಿನ ಹಿಂದೂ ಯುವಕ ಯೆಹೂದ್ಯರ ಸೃಷ್ಟಿಕಥೆಯನ್ನು ಗೋಲ್ಕೊಂಡ ರಾಜ್ಯದ ಓದುಗನ ಕೈಗಿತ್ತ, ಅದೂ ಪಾರಸಿಯಲ್ಲಿ!

ಆದರೆ ಮಾಹಿತಿ ಕೊಟ್ಟವನು ಸಮುದಾಯದಿಂದ ಹೊರಬಂದವನು. ಯೆಹೂದ್ಯರಿಗೆ ದೇವರು ಮನುಷ್ಯಾಕಾರದ ದೇಹವುಳ್ಳವನು ಎಂದು ಸರ್ಮದ್ ಹೇಳಿದ್ದು ಅಲ್ಲಿ ಹಾಗೆಯೇ ದಾಖಲಾಗಿದೆ. ಮೈಮೊನಿಡೀಸ್‌ನನ್ನು ಓದಿದ ಯಾವ ರಬ್ಬಿಯೂ ಇದನ್ನು ಒಪ್ಪುತ್ತಿರಲಿಲ್ಲ. ಎದುರಾಡಿ ತಿದ್ದಲು ಪಕ್ಕದಲ್ಲೊಂದು ಸಿನಗಾಗ್ ಇರಲಿಲ್ಲ. ಅಧ್ಯಾಯದ ಕುಂದು ಇರುವುದು ಅಲ್ಲಿ: ವಿರೋಧಿಗಳ ಪುಸ್ತಕವನ್ನು ಬದಿಗಿಟ್ಟವನು ಒಬ್ಬನೇ ಸಾಕ್ಷಿಯನ್ನು ಪೂರ್ತಿ ನಂಬಿಬಿಟ್ಟ.

ಸರ್ಮದ್ ಆಮೇಲೆ ದಿಲ್ಲಿಗೆ ಹೋಗಿ ದಾರಾ ಶಿಕೋನ ಆಪ್ತನಾದ. ದಾರಾ ಸೋತ ಮೇಲೆ ಔರಂಗಜೇಬನ ಆಳ್ವಿಕೆಯಲ್ಲಿ, 1661ರ ಸುಮಾರಿಗೆ, ಬೆತ್ತಲೆತನ ಮತ್ತು ಮತದ್ರೋಹದ ಆರೋಪ ಹೊರಿಸಿ ಅವನ ತಲೆ ಕಡಿದರು. ಜಾಮಾ ಮಸೀದಿಯ ಬಳಿಯ ಅವನ ಗೋರಿಗೆ ಇಂದಿಗೂ ಜನ ಹೂವು ತರುತ್ತಾರೆ. 'ದಬಿಸ್ತಾನ್' 1809ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು, 1843ರಲ್ಲಿ ಇಂಗ್ಲಿಷಿಗೂ ಹೋಯಿತು. ಅಭಯಚಂದನ ಆದಿಕಾಂಡ ಉಳಿದಿರುವುದು ಅದರೊಳಗೆ.