ನಮ್ಮೂರ ಉಪ್ಪಿನ ಎರಡು ಕಥೆ

ಸೊಲ್ಲಾಪುರದ ಚಾರ್ ಹುತಾತ್ಮ ಚೌಕ ದಾಟುವಾಗೆಲ್ಲ ನನಗೆ ಉಪ್ಪು ನೆನಪಾಗುತ್ತದೆ. 1930ರಲ್ಲಿ ಗಾಂಧೀಜಿ ಉಪ್ಪಿನ ಕಾಯ್ದೆ ಮುರಿದರು. ಮೇ ತಿಂಗಳಲ್ಲಿ ಅವರ ಬಂಧನದ ಸುದ್ದಿ ಬಂದದ್ದೇ ತಡ, ಸೊಲ್ಲಾಪುರ ಸಿಡಿದೆದ್ದಿತು. ಸರಕಾರ ಮಾರ್ಷಲ್ ಲಾ ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರನ್ನು ಯರವಡಾದಲ್ಲಿ ಗಲ್ಲಿಗೇರಿಸಿದರು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಇನ್ನೊಂದು ಕಥೆ ನಮ್ಮ ಅಡಿಗೆಮನೆಯದು.

ಅಕ್ಕಲಕೋಟ ಸೀಮೆಯ ನಮ್ಮ ಮನೆಯಲ್ಲಿ ಆಯಿ ಹರಳುಪ್ಪನ್ನೇ ಗಡಿಗೆಯಲ್ಲಿ ತುಂಬಿಡುತ್ತಿದ್ದಳು. ಮೊದಲ ಸಲ ಪುಡಿ ಉಪ್ಪಿನ ಪಾಕೀಟು ತಂದಾಗ, "ಇದಕ್ಕ ಔಷಧ ಹಾಕ್ಯಾರಂತ, ನಮಗ್ಯಾಕ ಬೇಕೋ?" ಎಂದು ಕೇಳಿದಳು. ಆಗ ನನಗೆ ಉತ್ತರ ಹೇಳಲು ಬರಲಿಲ್ಲ.

ಉತ್ತರ ಇದ್ದದ್ದು ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ. ಮಳೆ, ಪ್ರವಾಹಗಳು ಮಣ್ಣಿನ ಅಯೋಡಿನ್ ತೊಳೆದೊಯ್ದರೆ ಬೆಳೆಯಲ್ಲೂ ಅದು ಇರುವುದಿಲ್ಲ. ಕೊರಳಿನ ಥೈರಾಯ್ಡ್ ಗ್ರಂಥಿಗೆ ಅದು ಸಾಲದಾದಾಗ ಗ್ರಂಥಿ ಉಬ್ಬುತ್ತದೆ. ಅದೇ ಗಳಗಂಡ. 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಉಪ್ಪು, ಒಂದಕ್ಕೆ ಸಾದಾ ಉಪ್ಪು ಕೊಟ್ಟು ನೋಡಿದರು. ಕೆಲ ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಎರಡು ಭಾಗಗಳಲ್ಲಿ ಗಳಗಂಡ ಬಹಳ ಇಳಿಯಿತು.

1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮೊದಲು ಗುಡ್ಡಗಾಡಿನವರಿಗಷ್ಟೇ ಈ ಉಪ್ಪು. ಆಮೇಲಿನ ಸಮೀಕ್ಷೆಗಳಲ್ಲಿ ಯಾವ ರಾಜ್ಯವೂ ಈ ಕೊರತೆಗೆ ಹೊರತಲ್ಲ ಎಂದು ತಿಳಿಯಿತು. ಬಸುರಿಗೆ ಅಯೋಡಿನ್ ತೀರ ಕಡಿಮೆಯಾದರೆ ಹೊಟ್ಟೆಯೊಳಗಿನ ಕೂಸಿನ ಮಿದುಳು ಬೆಳೆಯುವುದಿಲ್ಲ. ಕೂಸು ಕಿವುಡಾಗಬಹುದು, ಮಾತು ಬಾರದಿರಬಹುದು. ಕೊರತೆ ಸ್ವಲ್ಪವೇ ಇದ್ದರೆ ಕೊರಳು ಉಬ್ಬದಿದ್ದರೂ ಕಲಿಕೆ ಹಿಂದೆ ಬೀಳುತ್ತದೆ. ನಾವು ಮಾಸ್ತರರು "ದಡ್ಡ" ಎಂದು ಹಿಂದಿನ ಸಾಲಿಗೆ ಕೂಡ್ರಿಸಿದ ಮಕ್ಕಳಲ್ಲಿ ಇಂಥವರೂ ಇದ್ದಿರಬಹುದು. ಆ ವಿಚಾರ ಬಂದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ತಿನ್ನಲು ಅಯೋಡಿನ್ ಇಲ್ಲದ ಉಪ್ಪು ಮಾರಬಾರದೆಂದು 1998ರಲ್ಲಿ ದೇಶಕ್ಕೆಲ್ಲ ಕಾಯ್ದೆ ಬಂತು. ಸಣ್ಣ ಉಪ್ಪುಗಾರರ ಗತಿಯೇನು, ಗಾಂಧೀಜಿಯ ಉಪ್ಪಿಗೆ ಮತ್ತೆ ಬೇಡಿಯೇ ಎಂಬ ಕೂಗೆದ್ದಿತು. 2000ದಲ್ಲಿ ನಿಷೇಧ ತೆಗೆದರು. 2006ರ ಮೇ 17ರಿಂದ ಮತ್ತೆ ತಂದರು. ಸಣ್ಣ ಉಪ್ಪುಗಾರರ ಅಳಲು ಸುಳ್ಳಲ್ಲ. ಆದರೆ ಬ್ರಿಟಿಷರ ಕಾಯ್ದೆ ಬಡವರ ಉಪ್ಪಿನಿಂದ ತೆರಿಗೆ ಕಿತ್ತುಕೊಂಡಿತ್ತು. ಈ ಕಾಯ್ದೆ ಅದೇ ಉಪ್ಪಿನಲ್ಲಿ ಬಡವರ ಕೂಸಿಗೆ ಬೇಕಾದದ್ದನ್ನು ಇಟ್ಟುಕೊಡುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಬರೇ 150 ಮೈಕ್ರೊಗ್ರಾಂ, ಸೂಜಿಮೊನೆಯಷ್ಟು.

ಪಾಕೀಟಿನ ಮೇಲೆ ನಗುವ ಸೂರ್ಯನ ಗುರುತು ನೋಡಿ ಕೊಳ್ಳಿರಿ. ಮುಚ್ಚಳ ಬಿಗಿಯಾಗಿ ಹಾಕಿ, ಒಲೆಯ ಕಾವು, ನೀರಿನ ಪಸೆ ತಾಗದಂತೆ ಇಡಿರಿ. ಆಯಿ ಈಗಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ: "ಇದು ನಿನಗಲ್ಲ ಆಯಿ, ಹುಟ್ಟೋ ಕೂಸಿಗೆ."