ಅನುಲೇಪಕ ಅಂಗಾಂಶ: ಅಧ್ಯಯನದ ಇತಿಹಾಸ

ಅನುಲೇಪಕ ಅಂಗಾಂಶ ಎಂದರೆ ದೇಹದ ಹೊರಮೈಯನ್ನೂ ಪೊಳ್ಳು ಅಂಗಗಳ ಒಳಮೈಯನ್ನೂ ಹೊದ್ದಿರುವ, ಒತ್ತೊತ್ತಾಗಿ ಕೂಡಿಕೊಂಡ ಜೀವಕೋಶಗಳ ಪದರ. ಚರ್ಮದ ಮೇಲ್ಭಾಗ, ಬಾಯಿಯಿಂದ ಗುದದವರೆಗಿನ ಅನ್ನಮಾರ್ಗ, ಶ್ವಾಸನಾಳ, ಮೂತ್ರಪಿಂಡದ ನಳಿಕೆಗಳು, ಬೆವರು, ಜೊಲ್ಲು, ಹಾಲು ಸ್ರವಿಸುವ ಗ್ರಂಥಿಗಳು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಸಾಮಾನ್ಯವಾಗಿ ಇದರೊಳಗೆ ರಕ್ತನಾಳ ಹಾಯುವುದಿಲ್ಲ. ಕೆಳಗಿನ ಸಂಯೋಜಕ ಅಂಗಾಂಶದಿಂದ ಆಧಾರಪೊರೆಯನ್ನು ದಾಟಿ ಬಂದ ಪೋಷಕಾಂಶವೇ ಇದಕ್ಕೆ ಆಹಾರ. ಕೋಶಕ್ಕೆ ಮೇಲ್ಮುಖ, ತಳಮುಖ ಎಂಬ ಭೇದವಿದ್ದು ಎರಡರ ಕೆಲಸವೂ ಬೇರೆ ಬೇರೆ. ಚಪ್ಪಟೆ, ಘನಾಕಾರ, ಸ್ತಂಭಾಕಾರ ಎಂದು ಆಕಾರ ನೋಡಿ, ಪದರ ಒಂದೋ ಹಲವೋ ಎಂದು ಎಣಿಸಿ ಇದನ್ನು ವಿಂಗಡಿಸುವುದು ರೂಢಿ. ಕಾಪು, ಹೀರಿಕೆ, ಸ್ರಾವ, ರುಚಿ ಮತ್ತು ವಾಸನೆಗಳ ಗ್ರಹಣ ಇದರ ಮುಖ್ಯ ಕೆಲಸಗಳು.

ಪಠ್ಯಪುಸ್ತಕಗಳು ಈ ಅಂಗಾಂಶದ ಇತಿಹಾಸವನ್ನು ಹೆಸರು, ವಿಂಗಡಣೆ, ಚಿತ್ರಗಳಲ್ಲಿ ಮುಗಿಸಿಬಿಡುತ್ತವೆ. ನಡೆದ ವಾದಗಳು ಅವುಗಳಲ್ಲಿ ಕಾಣುವುದು ಅಪರೂಪ. ಆ ವಾದಗಳಲ್ಲಿ ಹಲವಕ್ಕೆ ಮೂಲ ಒಂದೇ: ಕೊಯ್ದು, ಒಣಗಿಸಿ, ರಾಸಾಯನಿಕದಲ್ಲಿ ಅದ್ದಿದ ತುಣುಕಿನಲ್ಲಿ ಕಂಡದ್ದು ಬದುಕಿರುವ ದೇಹದಲ್ಲೂ ಹಾಗೆಯೇ ಇರುತ್ತದೆಯೇ ಎಂಬ ಪ್ರಶ್ನೆ.

ಆರಂಭದ ಘಟ್ಟ ಚೆನ್ನಾಗಿ ದಾಖಲಾಗಿದೆ. ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ 1665ರಲ್ಲಿ ಹೊರಚರ್ಮದ ಅಡಿಗೆ ಮೆತ್ತನೆಯ ಇನ್ನೊಂದು ಪದರವನ್ನು ಗುರುತಿಸಿದರು. ಆಮ್‌ಸ್ಟರ್‌ಡ್ಯಾಮಿನ ಫ್ರೆಡರಿಕ್ ರೂಯಿಶ್ 18ನೇ ಶತಮಾನದ ಮೊದಲ ವರ್ಷಗಳಲ್ಲಿ ತುಟಿ, ಮೊಲೆತೊಟ್ಟುಗಳಂಥ ಜಾಗಗಳ ತೆಳು ಹೊದಿಕೆಗೆ ‘ಎಪಿಥೀಲಿಯ’ ಎಂಬ ಹೆಸರು ಕೊಟ್ಟರು. ಪ್ಯಾರಿಸ್ಸಿನ ಸವಿಯೆ ಬಿಶಾ 1801ರ ಗ್ರಂಥದಲ್ಲಿ ದೇಹವನ್ನು 21 ಬಗೆಯ ಅಂಗಾಂಶಗಳಾಗಿ ಒಡೆದರು. ಸೂಕ್ಷ್ಮದರ್ಶಕವನ್ನು ಅವರು ನಂಬುತ್ತಿರಲಿಲ್ಲ. ಅವರ ಪಟ್ಟಿಯಲ್ಲಿ ಹೊರಚರ್ಮ ಒಂದು ಕಡೆ, ಲೋಳೆಪೊರೆ ಇನ್ನೊಂದು ಕಡೆ, ಗ್ರಂಥಿ ಮತ್ತೊಂದು ಕಡೆ ಇವೆ. ಇವೆಲ್ಲದರ ಮೇಲ್ಪದರ ಒಂದೇ ಕುಲದ್ದೆಂಬುದು ಆ ವಿಂಗಡಣೆಯಿಂದ ತಿಳಿಯುವುದಿಲ್ಲ.

ಅದನ್ನು ತೋರಿಸಿದವರು ಯಾಕೋಬ್ ಹೆನ್ಲೆ. ಅದಕ್ಕೆ ಸ್ವಲ್ಪ ಮುಂಚೆ, 1834–35ರಲ್ಲಿ, ಬ್ರೆಸ್ಲಾವಿನ ಯಾನ್ ಪುರ್ಕಿನ್ಯೆ ಮತ್ತು ಗಾಬ್ರಿಯೆಲ್ ವ್ಯಾಲೆಂಟಿನ್ ಸಸ್ತನಿಗಳ ಅಂಡನಾಳದ ಒಳಮೈಯಲ್ಲಿ ಕೂದಲಿನಂಥ ಲೋಮಾಂಗಗಳು ಎಡೆಬಿಡದೆ ಬಡಿಯುವುದನ್ನು ಕಂಡಿದ್ದರು. ವಿದ್ಯಾರ್ಥಿ ಸಂಘಟನೆಯೊಂದರ ಸದಸ್ಯತ್ವದ ಕಾರಣಕ್ಕೆ ಪ್ರಷ್ಯದ ಸೆರೆಮನೆ ಕಂಡು ಬಂದ ಹೆನ್ಲೆ, ಬರ್ಲಿನ್ನಿನಲ್ಲಿ ಯೊಹಾನೆಸ್ ಮ್ಯುಲರ್ ಅವರ ಬಳಿ ಕೆಲಸ ಮಾಡುತ್ತ, 1837ರಲ್ಲಿ ಕರುಳಿನ ಒಳಮೈಯ ಬೆರಳಿನಂಥ ಚಾಚುಗಳಾದ ವಿಲ್ಲೈಗಳ ಬಗ್ಗೆ, 1838ರಲ್ಲಿ ಇಡೀ ಮಾನವ ದೇಹದಲ್ಲಿ ಈ ಪದರದ ಹರವಿನ ಬಗ್ಗೆ ಬರೆದರು. ಹೊರಗಿಗೋ ಯಾವುದಾದರೂ ಪೊಳ್ಳಿಗೋ ತೆರೆದಿರುವ ಪ್ರತಿ ಮೈಯಲ್ಲೂ ಕೋಶಗಳ ಹೊದಿಕೆ ಇದೆ. ಅದು ಹಾಸುಗಲ್ಲಿನಂತೆ ಚಪ್ಪಟೆ, ಕಂಬದಂತೆ ಎತ್ತರ, ಇಲ್ಲವೇ ಲೋಮಾಂಗವುಳ್ಳದ್ದು ಎಂಬುದು ಅವರ ನಿರ್ಣಯ. ಇಂದಿನ ಶಾಲಾಪುಸ್ತಕದ ವಿಂಗಡಣೆ ಇದೇ ಮೂರರ ವಿಸ್ತರಣೆ. ಥಿಯೊಡೋರ್ ಶ್ವಾನ್ ತಮ್ಮ ಕೋಶ ಸಿದ್ಧಾಂತವನ್ನು ಪುಸ್ತಕವಾಗಿ ಹೊರತಂದದ್ದು 1839ರಲ್ಲಿ. ಪ್ರಾಣಿದೇಹ ಕೋಶಗಳಿಂದಾಗಿದೆ ಎಂಬ ಮಾತಿಗೆ ಅನುಲೇಪಕ ಅಂಗಾಂಶ ಒಳ್ಳೆಯ ಸಾಕ್ಷಿಯಾಗಿ ಆಗಲೇ ಮೇಜಿನ ಮೇಲಿತ್ತು ಎನ್ನಬೇಕು.

ಹೆನ್ಲೆ ರಕ್ತನಾಳದ ಒಳಹೊದಿಕೆಯನ್ನೂ ಇದೇ ಗುಂಪಿಗೆ ಸೇರಿಸಿದ್ದರು. ಬಾಸೆಲ್‌ನ ವಿಲ್ಹೆಲ್ಮ್ ಹಿಸ್ 1865ರಲ್ಲಿ ಅದನ್ನು ಬೇರ್ಪಡಿಸಿ ‘ಎಂಡೊಥೀಲಿಯಂ’ ಎಂದು ಕರೆದರು. ಭ್ರೂಣದ ನಡುಪದರದಿಂದ ಹುಟ್ಟಿದ್ದಕ್ಕೆ ಬೇರೆ ಕುಲ ಎಂಬುದು ಅವರ ವಾದ. ಆದರೆ ಮೂತ್ರಪಿಂಡದ ನಳಿಕೆಗಳ ಹೊದಿಕೆಯೂ ನಡುಪದರದಿಂದಲೇ ಬರುತ್ತದೆ, ಅದನ್ನು ಅನುಲೇಪಕವಲ್ಲ ಎನ್ನಲು ಯಾರೂ ಸಿದ್ಧರಿರಲಿಲ್ಲ. ಹುಟ್ಟನ್ನು ನೋಡಬೇಕೋ, ರೂಪ ಮತ್ತು ಕೆಲಸವನ್ನು ನೋಡಬೇಕೋ ಎಂಬ ಈ ತಕರಾರು ಪೂರ್ತಿ ಬಗೆಹರಿದಿಲ್ಲ. ಒಂದು ಗ್ರಂಥ ಎಂಡೊಥೀಲಿಯಮ್ಮನ್ನು ಅನುಲೇಪಕದ ಒಂದು ಬಗೆ ಎಂದರೆ ಇನ್ನೊಂದು ಪ್ರತ್ಯೇಕವಾಗಿ ಇಡುವುದಕ್ಕೆ ಇದೇ ಕಾರಣ.

ಭ್ರೂಣಪದರಗಳ ಲೆಕ್ಕ ಕ್ಯಾನ್ಸರ್ ಚರ್ಚೆಯಲ್ಲೂ ತಲೆಹಾಕಿತು. ಭ್ರೂಣಪದರಗಳನ್ನು ಮೂರೆಂದು ಖಚಿತಪಡಿಸಿದ ರೋಬರ್ಟ್ ರೆಮಾಕ್, ಕೋಶ ಹುಟ್ಟುವುದು ಇನ್ನೊಂದು ಕೋಶ ಒಡೆದೇ ಎಂದು 1850ರ ದಶಕದ ಆರಂಭದಲ್ಲೇ ಬರೆದಿದ್ದರು. ಅದೇ ಮಾತನ್ನು 1855ರಲ್ಲಿ ಸೂತ್ರವಾಗಿ ಹೇಳಿದ ರುಡಾಲ್ಫ್ ವಿರ್ಚೊ ಹೆಸರೇ ಜನಮನದಲ್ಲಿ ಉಳಿಯಿತು. ಯೆಹೂದಿಯಾಗಿದ್ದ ರೆಮಾಕ್‌ಗೆ ಪ್ರಷ್ಯದಲ್ಲಿ ಪೂರ್ಣ ಪ್ರಾಧ್ಯಾಪಕ ಹುದ್ದೆ ಕೊನೆಗೂ ಸಿಗಲಿಲ್ಲ. ಗಡ್ಡೆಯ ವಿಷಯದಲ್ಲಿ ಇಬ್ಬರೂ ಎದುರು ಬದುರು: ಕ್ಯಾನ್ಸರ್ ಕೋಶಗಳು ಸಂಯೋಜಕ ಅಂಗಾಂಶದಿಂದ ಹುಟ್ಟುತ್ತವೆ ಎಂದು ವಿರ್ಚೊ, ಅನುಲೇಪಕದಿಂದ ಎಂದು ರೆಮಾಕ್. ಕಾರ್ಲ್ ಟೀರ್ಶ್ 1865ರಲ್ಲಿ ಚರ್ಮದ ಕ್ಯಾನ್ಸರನ್ನು, ವಿಲ್ಹೆಲ್ಮ್ ವಾಲ್ಡೆಯರ್ 1867ರಿಂದ ಮುಂದಕ್ಕೆ ಇತರ ಅಂಗಗಳ ಗಡ್ಡೆಗಳನ್ನು ಕೂಲಂಕಷವಾಗಿ ಪರೀಕ್ಷಿಸಿದ ಮೇಲೆ ವಿರ್ಚೊ ಪಕ್ಷ ಸೋತಿತು. ಮಾನವರ ಕ್ಯಾನ್ಸರುಗಳಲ್ಲಿ ಬಹುಪಾಲು ಅನುಲೇಪಕ ಮೂಲದ ಕಾರ್ಸಿನೋಮಾಗಳೇ ಎಂಬುದರಲ್ಲಿ ಈಗ ಭಿನ್ನಮತವಿಲ್ಲ.

ಕೋಶಕೋಶಗಳ ನಡುವೆ ಏನಿದೆ ಎಂಬ ಜಗಳ ಇನ್ನೂ ದೀರ್ಘವಾದದ್ದು. ಮ್ಯಾಕ್ಸ್ ಶುಲ್ಟ್ಸೆ 1864ರಲ್ಲಿ ಚರ್ಮದ ಕೋಶಗಳ ಸುತ್ತ ಮುಳ್ಳುಗಳನ್ನು ಕಂಡು, ಪಕ್ಕದ ಕೋಶದ ಮುಳ್ಳುಗಳ ಸಂದಿಯಲ್ಲಿ ಅವು ಹೊಕ್ಕಿರುತ್ತವೆ ಎಂದರು. ಇಟಲಿಯ ಯುವ ವೈದ್ಯ ಜುಲಿಯೊ ಬಿಜ್ಜೊಜೆರೊ ಒಪ್ಪಲಿಲ್ಲ. ಮುಳ್ಳುಗಳು ತುದಿಗೆ ತುದಿ ಕೂಡುತ್ತವೆ, ಕೂಡುವಲ್ಲಿ ಒಂದು ಗಟ್ಟಿ ಗಂಟಿದೆ, ಅದೇ ಅಂಟು ಎಂಬುದು ಅವರ ಓದು. ಮೂರನೆಯ ಪಕ್ಷವೊಂದು ಎದ್ದು, ಇವು ಸೇತುವೆಗಳು, ಒಂದು ಕೋಶದ ಜೀವರಸ ಇನ್ನೊಂದಕ್ಕೆ ನೇರ ಹರಿಯುತ್ತದೆ ಎಂದಿತು. ದಶಕಗಳ ಕಾಲ ಚಾಲ್ತಿಯಲ್ಲಿದ್ದದ್ದು ಈ ಮೂರನೆಯ ಅಭಿಪ್ರಾಯವೇ. ಗಂಟಿಗೆ ‘ಡೆಸ್ಮೊಸೋಮ್’ ಎಂಬ ಹೆಸರನ್ನು ಯೋಸೆಫ್ ಶಾಫರ್ 1920ರಲ್ಲಿ ಕೊಟ್ಟರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದಾಗ ತೀರ್ಪು ಬಿಜ್ಜೊಜೆರೊ ಕಡೆಗಾಯಿತು: ಎರಡೂ ಕೋಶಗಳ ಪೊರೆ ಅಖಂಡ, ನಡುವೆ ಅಂತರವಿದೆ, ಎದುರುಬದುರಾಗಿ ಎರಡು ದಪ್ಪ ಫಲಕಗಳಿವೆ. ಮುಳ್ಳುಗಳು ಅಷ್ಟು ಎದ್ದು ಕಂಡದ್ದಕ್ಕೆ ಸ್ಥಿರೀಕರಣದ ದ್ರಾವಣದಲ್ಲಿ ಕೋಶಗಳು ಕುಗ್ಗಿ, ಗಂಟು ಹಾಕಿದ ಜಾಗದಲ್ಲಷ್ಟೇ ಹಿಡಿದುಕೊಂಡು ನಿಂತದ್ದು ಕಾರಣ.

ಸ್ತಂಭಾಕಾರದ ಕೋಶಗಳ ಮೇಲಂಚಿನಲ್ಲಿ ಬೆಳಕಿನ ಸೂಕ್ಷ್ಮದರ್ಶಕ ತೋರಿಸುತ್ತಿದ್ದ ಕಪ್ಪು ಗೆರೆಯನ್ನು 19ನೇ ಶತಮಾನದ ಕೊನೆಯವರು ಕೋಶಗಳ ಸಂದಿ ಮುಚ್ಚುವ ಗಾರೆ ಎಂದು ತಿಳಿದಿದ್ದರು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಮೆರಿಲಿನ್ ಫಾರ್ಕರ್ ಮತ್ತು ಜಾರ್ಜ್ ಪಲಾಡೆ 1963ರಲ್ಲಿ ಇಲಿ ಮತ್ತು ಗಿನಿಹಂದಿಗಳ ಹಲವು ಅಂಗಗಳನ್ನು ನೋಡಿ, ಆ ಗೆರೆಯಲ್ಲಿ ಮೇಲಿನಿಂದ ಕೆಳಕ್ಕೆ ಮೂರು ಜೋಡಣೆಗಳಿವೆ ಎಂದು ತೋರಿಸಿದರು: ಪೊರೆಗೆ ಪೊರೆ ಬೆಸೆದಂತಿರುವ ಬಿಗಿ ಪಟ್ಟಿ, ಅದರ ಕೆಳಗೆ ಅಂಟುಪಟ್ಟಿ, ಅಲ್ಲಲ್ಲಿ ಡೆಸ್ಮೊಸೋಮ್. ಈ ಪ್ರಬಂಧವೇ ಆಧುನಿಕ ಘಟ್ಟದ ಬಾಗಿಲು.

ಬಿಗಿ ಪಟ್ಟಿ ಯಾವುದರಿಂದ ಆಗಿದೆ ಎಂಬುದಕ್ಕೆ ಉತ್ತರ ತಡವಾಯಿತು. ಆ ಪಟ್ಟಿಯ ಎಳೆಗಳು ಕೊಬ್ಬಿನ ಅಣುಗಳದ್ದೇ ಎಂಬ ಮತ 1980ರ ದಶಕದಲ್ಲಿ ಗಂಭೀರವಾಗಿ ಚಾಲ್ತಿಯಲ್ಲಿತ್ತು. ಜಪಾನಿನ ಶೋಇಚಿರೊ ತ್ಸುಕಿತಾ ಅವರ ತಂಡ 1993ರಲ್ಲಿ ‘ಆಕ್ಲುಡಿನ್’ ಎಂಬ ಪ್ರೋಟೀನನ್ನು ಹಿಡಿದಾಗ ಪ್ರಕರಣ ಮುಗಿಯಿತೆಂದು ಕಂಡಿತು. ಆದರೆ 1998ರಲ್ಲಿ ಅದೇ ತಂಡ ಆಕ್ಲುಡಿನ್ ಇಲ್ಲದ ಕೋಶಗಳನ್ನು ಬೆಳೆಸಿ ನೋಡಿದರೆ ಬಿಗಿ ಪಟ್ಟಿ ಎಂದಿನಂತೆ ಕಟ್ಟಿಕೊಂಡಿತ್ತು. ತಮ್ಮ ಕೈಯಾರೆ ಪ್ರಸಿದ್ಧಿಗೆ ತಂದ ಪ್ರೋಟೀನನ್ನು ತಾವೇ ಬದಿಗೆ ಸರಿಸಿ ಮತ್ತೆ ಹುಡುಕಿದ ಅವರಿಗೆ ಅದೇ ವರ್ಷ ‘ಕ್ಲಾಡಿನ್’ಗಳು ಸಿಕ್ಕವು. ಕ್ಲಾಡಿನ್ ಒಂದಲ್ಲ, ಸಸ್ತನಿಗಳಲ್ಲಿ ಎರಡು ಡಜನ್ನಿಗೂ ಮೇಲ್ಪಟ್ಟ ಬಗೆಗಳಿವೆ. ಯಾವ ಅಂಗದಲ್ಲಿ ಯಾವ ಬಗೆ ಎಂಬುದರ ಮೇಲೆ ಆ ಪಟ್ಟಿ ಎಷ್ಟು ಬಿಗಿ, ಯಾವ ಅಯಾನನ್ನು ಬಿಡುತ್ತದೆ ಎಂಬುದು ನಿಂತಿದೆ. ಮೂತ್ರಪಿಂಡದ ಕ್ಲಾಡಿನ್–16 ಕೆಟ್ಟರೆ ಮೆಗ್ನೀಸಿಯಂ ಮೂತ್ರದಲ್ಲಿ ಸೋರಿಹೋಗುತ್ತದೆ ಎಂದು 1999ರಲ್ಲಿ ತಿಳಿಯಿತು.

ಕೋಶದ ಮೂಲಕವೇ ನಡೆಯುವ ಸಾಗಾಟದ ಕಥೆ ಬೇರೆ ದಾರಿಯಿಂದ ಬಂತು. ಕೊಪನ್‌ಹೇಗನ್ನಿನ ಹಾನ್ಸ್ ಉಸ್ಸಿಂಗ್ 1951ರಲ್ಲಿ ಕಪ್ಪೆಯ ಚರ್ಮವನ್ನು ಎರಡು ಕೋಣೆಗಳ ನಡುವೆ ಬಿಗಿದು, ಎರಡೂ ಬದಿಗೆ ಒಂದೇ ದ್ರಾವಣ ತುಂಬಿ, ವಿದ್ಯುತ್ ವ್ಯತ್ಯಾಸವನ್ನು ಸೊನ್ನೆಗೆ ಇಳಿಸಿದರೂ ಸೋಡಿಯಂ ಹೊರಗಿನಿಂದ ಒಳಗೇ ಸಾಗುವುದನ್ನು ಅಳೆದರು. ಸಾಗಿಸುವುದು ಬದುಕಿರುವ ಪದರವೇ ಎಂಬುದು ಇದರಿಂದ ಸ್ಥಿರವಾಯಿತು. 1960ರಲ್ಲಿ ಪ್ರಾಗ್‌ನಲ್ಲಿ ರೋಬರ್ಟ್ ಕ್ರೇನ್, ಕರುಳಿನ ಕೋಶದ ಮೇಲ್ಮುಖದಲ್ಲಿ ಗ್ಲೂಕೋಸ್ ಒಳಬರುವುದು ಸೋಡಿಯಮ್ಮಿನ ಜೊತೆಗೂಡಿ ಎಂದು ಮಂಡಿಸಿದರು.

ಈ ಎಳೆ ಕಾಲರಾದ ಹಳೆಯ ವಿವಾದಕ್ಕೆ ಬಂದು ಸೇರಿತು. ಹೆನ್ಲೆಯ ಪ್ರಬಂಧ ಬಂದ 1838ರಲ್ಲೇ, ಅದೇ ಬರ್ಲಿನ್ನಿನಲ್ಲಿ, ಲುಡ್ವಿಗ್ ಬ್ಯೋಮ್ ಕಾಲರಾದಿಂದ ಸತ್ತವರ ಕರುಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಅನುಲೇಪಕ ಪದರ ಸುಲಿದು ಉದುರಿದೆ ಎಂದು ಪ್ರಕಟಿಸಿದ್ದರು. ಪದರವೇ ಇಲ್ಲದ ಕರುಳಿಗೆ ಬಾಯಿಂದ ನೀರು ಕೊಟ್ಟು ಫಲವೇನು? ಶತಮಾನಕ್ಕೂ ಮೀರಿ ಈ ಚಿತ್ರ ವೈದ್ಯರ ಮನಸ್ಸಿನಲ್ಲಿ ಕೂತಿತ್ತು. ಕೋಲ್ಕತ್ತದ ಶಂಭುನಾಥ ಡೇ 1953ರಲ್ಲಿ ಮೊಲದ ಕರುಳಿನ ತುಂಡೊಂದನ್ನು ಎರಡೂ ಕಡೆ ಕಟ್ಟಿ ಕಾಲರಾ ರೋಗಾಣುಗಳನ್ನು ಸೇರಿಸಿ, ಅದರೊಳಗೆ ದ್ರವ ತುಂಬಿಕೊಳ್ಳುವುದನ್ನು ತೋರಿಸಿದರು. 1959ರಲ್ಲಿ ರೋಗಾಣುವನ್ನು ಸೋಸಿ ತೆಗೆದ ದ್ರಾವಣವೊಂದೇ ಅದನ್ನು ಮಾಡಬಲ್ಲದು, ಅಂದರೆ ಕೆಲಸ ವಿಷದ್ದು ಎಂದು ಸಾಬೀತುಪಡಿಸಿದರು. ಮರುವರ್ಷ ಅಮೆರಿಕದ ಯೂಜೀನ್ ಗಂಗರೋಸಾ ಮತ್ತು ಸಂಗಡಿಗರು ಬ್ಯಾಂಕಾಕ್‌ನ ರೋಗಿಗಳಿಂದ, ಅವರು ಬದುಕಿರುವಾಗಲೇ, ನುಂಗಿಸುವ ಕ್ಯಾಪ್ಸೂಲಿನ ಮೂಲಕ ಕರುಳಿನ ಚೂರು ತೆಗೆದು ನೋಡಿದರು. ಪದರ ಅಲ್ಲೇ ಇತ್ತು. ಬ್ಯೋಮ್ ಕಂಡದ್ದು ಸಾವಿನ ನಂತರ ಆದ ಉದುರುವಿಕೆ.

ಕಾಲರಾ ವಿಷ ಕೋಶವನ್ನು ಕೊಲ್ಲದೆ ಕ್ಲೋರೈಡ್ ಸುರಿಯುವಂತೆ ಮಾಡುತ್ತದೆ. ಕ್ರೇನ್ ಹೇಳಿದ ಸೋಡಿಯಂ–ಗ್ಲೂಕೋಸ್ ದಾರಿ ಕೆಡುವುದಿಲ್ಲ. ಬಾಯಿಂದ ಕೊಡುವ ಉಪ್ಪು–ಸಕ್ಕರೆ ದ್ರಾವಣ ಕೆಲಸ ಮಾಡುವುದು ಇದರಿಂದಲೇ. ಇದರ ಶ್ರೇಯಸ್ಸನ್ನು 1968ರ ಢಾಕಾ ಪ್ರಯೋಗಗಳಿಗೆ ಕೊಡುವುದು ವಾಡಿಕೆ. ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ‘ಲ್ಯಾನ್ಸೆಟ್’ನಲ್ಲಿ ಕೋಲ್ಕತ್ತದ ರೋಗಿಗಳಿಗೆ ಅಂಥ ದ್ರಾವಣ ಕುಡಿಸಿದ್ದನ್ನು ವರದಿ ಮಾಡಿದ್ದರು, ಪದರ ಉಳಿದಿದೆ ಎಂಬುದೇ ತಿಳಿಯದ ಕಾಲದಲ್ಲಿ ಅದನ್ನು ಹೆಚ್ಚು ಮಂದಿ ಗಮನಿಸಲಿಲ್ಲ. ದಿಲೀಪ್ ಮಹಾಲನಬಿಸ್ 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ, ಸಾವಿನ ಪ್ರಮಾಣವನ್ನು ಶೇ. 30ರ ಆಸುಪಾಸಿನಿಂದ ಶೇ. 4ಕ್ಕಿಂತ ಕೆಳಗೆ ಇಳಿಸಿದರು. ಡೇ ಅವರಿಗೆ ಬದುಕಿದ್ದಾಗ ತಾಯ್ನಾಡಿನಲ್ಲಿ ದೊರೆತ ಮನ್ನಣೆ ಅತ್ಯಲ್ಪ. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರ ಕುರಿತ ವಿಶೇಷ ಸಂಚಿಕೆ ತಂದದ್ದು 1990ರಲ್ಲಿ, ಅವರು ತೀರಿಕೊಂಡು ಐದು ವರ್ಷಗಳಾದ ಮೇಲೆ.

ಪದರ ತನ್ನನ್ನು ತಾನು ಹೊಸದು ಮಾಡಿಕೊಳ್ಳುವ ಬಗೆಯಲ್ಲೂ ಬಿಜ್ಜೊಜೆರೊ ಮುಂದಿದ್ದರು. ಕರುಳಿನ ಕೋಶಗಳು ತಗ್ಗುಗಳಲ್ಲಿ ಹುಟ್ಟಿ ವಿಲ್ಲೈಗಳತ್ತ ಸರಿಯುತ್ತವೆ ಎಂದು ಅವರು 19ನೇ ಶತಮಾನದ ಕೊನೆಯಲ್ಲೇ ಬರೆದದ್ದು ಮರೆತುಹೋಗಿ, 1948ರಲ್ಲಿ ಮಾಂಟ್ರಿಯಲ್‌ನ ಚಾರ್ಲ್ಸ್ ಲೆಬ್ಲಾಂ ಮತ್ತು ಕ್ಯಾಥರೀನ್ ಸ್ಟೀವನ್ಸ್ ಇಲಿಗಳಲ್ಲಿ ಅದನ್ನು ಮತ್ತೆ ಸ್ಥಾಪಿಸಬೇಕಾಯಿತು. ಮನುಷ್ಯರಲ್ಲಿ ಈ ಪದರ ಕೆಲವೇ ದಿನಗಳಲ್ಲಿ ಬದಲಾಗುತ್ತದೆ. ಮೂಲಕೋಶ ತಗ್ಗಿನ ತಳದಲ್ಲಿದೆಯೋ ಅದಕ್ಕಿಂತ ನಾಲ್ಕು ಕೋಶ ಮೇಲಿದೆಯೋ ಎಂಬ ವಾದದಲ್ಲಿ, 2007ರಲ್ಲಿ ನೆದರ್ಲೆಂಡ್ಸಿನ ಹಾನ್ಸ್ ಕ್ಲೆವರ್ಸ್ ತಂಡ ಎಲ್‌ಜಿಆರ್5 ಎಂಬ ಗುರುತಿನಿಂದ ತಳದ ಕೋಶಗಳ ಪರ ಬಲವಾದ ಪುರಾವೆ ಕೊಟ್ಟಿತು. ಎರಡು ವರ್ಷದ ನಂತರ ಅಂಥ ಒಂದೇ ಕೋಶದಿಂದ ಪುಟ್ಟ ಕರುಳಿನ ರಚನೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಿತು.

ಅಳತೆಯ ವಿಷಯದಲ್ಲೂ ಇತ್ತೀಚೆಗೆ ತಿದ್ದುಪಡಿಯಾಗಿದೆ. ಬಿಡಿಸಿ ಹಾಸಿದರೆ ಕರುಳಿನ ಒಳಮೈ ಟೆನಿಸ್ ಅಂಕಣದಷ್ಟಾಗುತ್ತದೆ ಎಂಬ ಮಾತು ಹಳೆಯ ಶವಗಳ ಮೇಲಿನ ಅಳತೆಗಳನ್ನು ನೆಚ್ಚಿದ್ದು. ಸ್ವೀಡನ್ನಿನ ಹೆರ್ಬರ್ಟ್ ಹೆಲಾಂಡರ್ ಮತ್ತು ಲಾರ್ಸ್ ಫೆಂಡ್ರಿಕ್ಸ್ 2014ರಲ್ಲಿ ಜೀವಂತ ವ್ಯಕ್ತಿಗಳ ಕರುಳಿನ ಅಳತೆಗಳನ್ನೂ ಅಂಗಾಂಶದ ಚೂರುಗಳನ್ನೂ ಬಳಸಿ ಲೆಕ್ಕ ಹಾಕಿದಾಗ ಇಡೀ ಅನ್ನಮಾರ್ಗದ ಒಳಮೈ ಸುಮಾರು 32 ಚದರ ಮೀಟರ್ ಎಂದು ಬಂತು. ಅದರಲ್ಲಿ ದೊಡ್ಡ ಕರುಳಿನ ಪಾಲು ಸುಮಾರು 2 ಚದರ ಮೀಟರ್. ಟೆನಿಸ್ ಅಂಕಣದ ಹೋಲಿಕೆ ಪಠ್ಯಗಳಲ್ಲಿ ಇನ್ನೂ ಅಚ್ಚಾಗುತ್ತಿದೆ.