ವೆನಿಸ್‌ನ ಬಹುವೃಂದ ಗಾಯನ

ಗಾಯಕರನ್ನು ಎರಡು ಅಥವಾ ಹೆಚ್ಚು ವೃಂದಗಳಾಗಿ ವಿಂಗಡಿಸಿ, ಅವು ಸರದಿಯಂತೆಯೂ ನಡುನಡುವೆ ಒಟ್ಟಾಗಿಯೂ ಹಾಡುವಂತೆ ರಚಿಸಿದ ಕ್ರೈಸ್ತ ಧಾರ್ಮಿಕ ಸಂಗೀತ. ಇಟಾಲಿಯನ್ ಹೆಸರು ಕೋರಿ ಸ್ಪೆತ್ಸಾತಿ. ವೆನಿಸ್‌ನ ಸಂತ ಮಾರ್ಕನ ಬೆಸಿಲಿಕಾದಲ್ಲಿ 16ನೆಯ ಶತಮಾನದಲ್ಲಿ ಪ್ರಸಿದ್ಧಿಗೆ ಬಂದ ಈ ಶೈಲಿ ರೆನೆಸಾನ್ಸ್ ಮತ್ತು ಬರೋಕ್ ಯುಗಗಳ ನಡುವಿನ ಕೊಂಡಿಯಾಗಿದೆ.

ಆರಂಭ: ಬೈಬಲಿನ ಕೀರ್ತನೆಗಳನ್ನು ಎರಡು ಪಂಗಡಗಳು ಸರದಿಯಲ್ಲಿ ಹಾಡುವ ರೂಢಿ ಪ್ರಾಚೀನವಾದುದು. ಪಾದುವಾ, ಟ್ರೆವಿಸೊ ಮೊದಲಾದ ಊರುಗಳಲ್ಲಿ ಅದು ಬಹುಧ್ವನಿ ರಚನೆಗಳಿಗೂ ಹಬ್ಬಿತ್ತು. 1527ರಲ್ಲಿ ಸಂತ ಮಾರ್ಕನ ಬೆಸಿಲಿಕಾದ ಸಂಗೀತ ನಿರ್ದೇಶಕನಾದ ಫ್ಲೆಮಿಷ್ ಸಂಗೀತಗಾರ ಆಡ್ರಿಯಾನ್ ವಿಲ್ಲಾರ್ಟ್ ಅದಕ್ಕೆ ಶಿಸ್ತು ತಂದ. ಅವನ ಎರಡು ವೃಂದಗಳ ಕೀರ್ತನೆಗಳು 1550ರಲ್ಲಿ ಅಚ್ಚಾದವು. ಬೆಸಿಲಿಕಾದಲ್ಲಿ ಎದುರುಬದುರಾಗಿರುವ ಆರ್ಗನ್ ಅಟ್ಟಗಳೇ ಈ ಶೈಲಿಗೆ ಜನ್ಮ ಕೊಟ್ಟವೆಂಬ ನಂಬಿಕೆ ಬಹುಕಾಲ ಇತ್ತು. ಆದರೆ ಬೆಸಿಲಿಕಾದ ಆ ಶತಮಾನದ ಪೂಜಾವಿಧಿಯ ಪುಸ್ತಕ ಹೇಳುವ ಕ್ರಮ ಬೇರೆ, ವೃಂದಗಳು ಸರಿಸಮವಲ್ಲ: ಒಂದು ವೃಂದದಲ್ಲಿ ನಾಲ್ವರು ಮಾತ್ರ, ಉಳಿದವರೆಲ್ಲ ಇನ್ನೊಂದರಲ್ಲಿ.

ರಚನಾಕ್ರಮ: ವಿಲ್ಲಾರ್ಟ್‌ನ ಶಿಷ್ಯ ಜೊಸೆಫೊ ಜಾರ್ಲಿನೊ 1558ರ ತನ್ನ ಗ್ರಂಥದಲ್ಲಿ ಇದರ ನಿಯಮಗಳನ್ನು ವಿವರಿಸಿದ. ವೃಂದಗಳು ದೂರದೂರ ನಿಲ್ಲುವುದರಿಂದ ಪ್ರತಿಯೊಂದರ ಸ್ವರಮೇಳವೂ ತಾನೇ ಪೂರ್ಣವಾಗಿರಬೇಕು. ಎಲ್ಲವೂ ಕೂಡಿ ಹಾಡುವಾಗ ಅವುಗಳ ಮಂದ್ರ ಧ್ವನಿಗಳು ಒಂದೇ ಸ್ವರದಲ್ಲೋ ಅದರ ಬೇರೆ ಸ್ಥಾಯಿಯಲ್ಲೋ ನಡೆಯುವುದು ಲೇಸು. ಹಾಗಿದ್ದರೆ ಒಂದು ವೃಂದದ ಹತ್ತಿರ ಕುಳಿತವರಿಗೂ ಸಂಗೀತದ ತಳಹದಿ ತಪ್ಪಿದಂತೆ ಕೇಳಿಸದು.

ಉಚ್ಛ್ರಾಯ: ಸಂತ ಮಾರ್ಕನದು ಆಗ ಕೆಥೀಡ್ರಲ್ ಆಗಿರಲಿಲ್ಲ, ಗಣರಾಜ್ಯದ ಮುಖ್ಯಸ್ಥನಾದ ದೋಜೆಯ ಪ್ರಾರ್ಥನಾಲಯವಾಗಿತ್ತು. ಹಬ್ಬದ ಪೂಜಾವಿಧಿ ಎಂದರೆ ರಾಜ್ಯದ ವೈಭವದ ಪ್ರದರ್ಶನವೂ ಹೌದು. ಸಂಗೀತಕ್ಕೆ ಹಣದ ಬಲ ಒದಗಿದ್ದು ಇದರಿಂದಲೇ. 1568ರಿಂದ ಕಾರ್ನೆಟ್, ಟ್ರೊಂಬೋನ್ ವಾದಕರ ಕಾಯಂ ಮೇಳವೂ ಸೇರಿತು. ಅಲ್ಲಿ ಆರ್ಗನ್ ನುಡಿಸುತ್ತಿದ್ದ ಆಂಡ್ರಿಯಾ ಗಾಬ್ರಿಯೇಲಿ ಮತ್ತು ಅವನ ಒಡಹುಟ್ಟಿದವರೊಬ್ಬರ ಮಗ ಜೊವಾನ್ನಿ ಗಾಬ್ರಿಯೇಲಿ ವಾದ್ಯ, ಕಂಠ ಎರಡನ್ನೂ ಬೆರೆಸಿ ಹಲವು ವೃಂದಗಳ ಕೃತಿಗಳನ್ನು ರಚಿಸಿದರು. ಜೊವಾನ್ನಿಯ 1597ರ ‘ಸಾಕ್ರೆ ಸಿಂಫೊನಿಯೆ’ ಸಂಪುಟದ ಒಂದು ವಾದ್ಯಕೃತಿಯಲ್ಲಿ ಮೆಲ್ಲಗೆ, ಜೋರಾಗಿ ಎಂಬ ಸೂಚನೆಗಳೇ ಅಚ್ಚಾಗಿವೆ. ಆ ಕಾಲಕ್ಕೆ ಇದು ಅಪರೂಪ.

ಪ್ರಸಾರ: 1613ರಲ್ಲಿ ಬೆಸಿಲಿಕಾದ ಸಂಗೀತ ನಿರ್ದೇಶಕನಾದ ಕ್ಲಾಡಿಯೊ ಮಾಂಟೆವೆರ್ಡಿ ಒಪೆರಾದಿಂದ ಬಂದ ಭಾವಪ್ರಧಾನ ಏಕಗಾಯನವನ್ನು ಇಲ್ಲಿನ ಸಂಗೀತಕ್ಕೆ ಬೆಸೆದ. ಜೊವಾನ್ನಿಯ ಬಳಿ ಕಲಿತ ಹೈನ್‌ರಿಷ್ ಶ್ಯೂಟ್ಸ್ 1619ರಲ್ಲಿ ‘ಪ್ಸಾಲ್ಮೆನ್ ಡೇವಿಡ್ಸ್’ ಪ್ರಕಟಿಸಿ, ಕ್ಯಾಥೊಲಿಕ್ ವೆನಿಸ್‌ನ ಶೈಲಿಗೆ ಲೂಥರನ್ ಜರ್ಮನಿಯ ಭಾಷೆಯನ್ನು ಕೊಟ್ಟ. ಮುಂದೆ ಬಾಖ್‌ನ ‘ಸಂತ ಮತ್ತಾಯನ ಪ್ಯಾಶನ್’ನಲ್ಲಿಯೂ ಎರಡು ವೃಂದಗಳಿದ್ದು, ಒಂದೊಂದಕ್ಕೂ ಪ್ರತ್ಯೇಕ ವಾದ್ಯಮೇಳವಿದೆ.